ಖಾಲಿ ಕಾಣುವ ಸೀಟು, ಕೈಗೆ ಸಿಗುವ ಸೀಟು

ಪ್ರಶ್ನೆ: ನಾನು ಚಿಂತಾಮಣಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮುಂದಿನ ಬೇಸಿಗೆಯಲ್ಲಿ ನಾನು ಮತ್ತು ನನ್ನ ಪತ್ನಿ ಸ್ಯಾನ್ ಫ್ರಾನ್ಸಿಸ್ಕೋ ಬಳಿ ಇರುವ ಮಗಳ ಮನೆಗೆ ಹೋಗಬೇಕೆಂದಿದ್ದೇವೆ. ಪತ್ನಿಗೆ ಕಳೆದ ವರ್ಷ ಬಲ ಮೊಣಕಾಲಿನ ಕೀಲು ಬದಲಾಯಿಸಿದ್ದಾರೆ. ಕಾಲು ಮಡಚಿಕೊಂಡು ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ. ಬಿಸಿನೆಸ್ ಕ್ಲಾಸಿನ ಪೂರ್ತಿ ದರ ಕೊಡುವ ಶಕ್ತಿ ನಮಗಿಲ್ಲ. ಆದರೆ ಮೊಬೈಲಿನಲ್ಲಿ ಸೀಟ್ ಮ್ಯಾಪ್ ನೋಡಿದಾಗ ಮುಂದಿನ ಭಾಗದಲ್ಲಿ ಅರ್ಧಕ್ಕರ್ಧ ಸೀಟುಗಳು ಖಾಲಿ ಕಾಣುತ್ತವೆ. ಅಗ್ಗದ ಎಕಾನಮಿ ಟಿಕೆಟ್ ತೆಗೆದುಕೊಂಡು, ದೇವನಹಳ್ಳಿಗೆ ಬೇಗ ಹೋಗಿ ಕೌಂಟರಿನಲ್ಲಿ ಕೇಳಿದರೆ ಮುಂದಕ್ಕೆ ಹಾಕಿಕೊಡುತ್ತಾರೆ ಎಂದು ಬಂಧುಗಳು ಹೇಳುತ್ತಾರೆ. ಇದು ನಿಜವೇ? ಅಪ್‌ಗ್ರೇಡ್‌ಗೆ ಸಿಗುವ ಸೀಟು ಇದೆಯೇ ಇಲ್ಲವೇ ಎಂದು ಮೊದಲೇ ತಿಳಿದುಕೊಳ್ಳುವುದು ಹೇಗೆ?

ಉತ್ತರ: ಮೇಷ್ಟ್ರೇ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟಿಕೆಟಿಂಗ್ ಮೇಜಿನ ಹಿಂದೆ ಕುಳಿತು ಇದೇ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ನೀವು ಟಿಕೆಟ್ ಕೊಳ್ಳುವ ಮೊದಲೇ ಕೇಳಿರುವುದು ಒಳ್ಳೆಯದಾಯಿತು. ಹೆಚ್ಚಿನವರು ಅಪ್‌ಗ್ರೇಡ್ ಸಿಗದಂಥ ಟಿಕೆಟನ್ನು ಕೊಂಡ ನಂತರ ಕೇಳುತ್ತಾರೆ. ಆಗ ನಾವು ಮಾಡಬಹುದಾದ್ದು ಬಹಳ ಕಡಿಮೆ.

ಸೀಟ್ ಮ್ಯಾಪಿನಲ್ಲಿ ಖಾಲಿ ಕಾಣುವ ಸೀಟು ಬೇರೆ, ನಿಮಗೆ ಕೊಡಲೆಂದು ವಿಮಾನ ಸಂಸ್ಥೆ ಬಿಡುಗಡೆ ಮಾಡಿದ ಸೀಟು ಬೇರೆ. ರೈಲಿನ ಲೆಕ್ಕ ನಿಮಗೆ ಗೊತ್ತಿದೆ. ಬೋಗಿಯಲ್ಲಿ ಬರ್ತ್ ಖಾಲಿ ಇದ್ದರೂ ಅದು ತತ್ಕಾಲ್ ಕೋಟಾದ್ದಾಗಿದ್ದರೆ ಸಾಮಾನ್ಯ ವೇಟಿಂಗ್ ಲಿಸ್ಟಿನವರಿಗೆ ಆ ಹೊತ್ತಿಗೆ ಸಿಗುವುದಿಲ್ಲ. ವಿಮಾನದಲ್ಲಿಯೂ ಒಂದೇ ಬಿಸಿನೆಸ್ ಕ್ಲಾಸನ್ನು ಕಂಪ್ಯೂಟರಿನೊಳಗೆ ಹಲವು ಪಾಲುಗಳಾಗಿ ಹಂಚಿರುತ್ತಾರೆ, ಪ್ರತಿ ಪಾಲಿಗೂ ಇಂಗ್ಲಿಷಿನ ಒಂದು ಅಕ್ಷರವಿರುತ್ತದೆ. ಪೂರ್ತಿ ದರದ ಬಿಸಿನೆಸ್ ಟಿಕೆಟಿಗೆ ಸಾಮಾನ್ಯವಾಗಿ 'ಜೆ', ಪೂರ್ತಿ ದರದ ಎಕಾನಮಿಗೆ 'ವೈ'. ಉಳಿದ ಅಕ್ಷರಗಳ ಅರ್ಥ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಅಪ್‌ಗ್ರೇಡ್‌ಗೆಂದೇ ಮೀಸಲಾದ ಪಾಲು ಇವುಗಳಲ್ಲಿ ಒಂದು. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಅದನ್ನು 'ಪಿಝೆಡ್' ಎಂದು ಕರೆದರೆ, ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 'ಸಿ' ಎನ್ನುತ್ತಾರೆ. ಮುಂದೆ ಇಪ್ಪತ್ತು ಸೀಟು ಮಾರಾಟವಾಗದೆ ಉಳಿದಿದ್ದರೂ ಈ ಪಾಲಿನಲ್ಲಿ ಸೊನ್ನೆ ಇರಬಹುದು, ಏಕೆಂದರೆ ಕೊನೆಯ ವಾರದಲ್ಲಿ ಕಂಪನಿಯ ಖರ್ಚಿನಲ್ಲಿ ಓಡಾಡುವವರು ಪೂರ್ತಿ ದರ ಕೊಟ್ಟು ಕೊಳ್ಳುತ್ತಾರೆಂಬುದು ಸಂಸ್ಥೆಯ ನಿರೀಕ್ಷೆ. ಬೆಂಗಳೂರಿನಂತಹ ಊರಿನಿಂದ ಹೊರಡುವ ವಿಮಾನಗಳಲ್ಲಿ ಆ ನಿರೀಕ್ಷೆ ಹಲವು ಬಾರಿ ನಿಜವೂ ಆಗುತ್ತದೆ.

ಸೀಟ್ ಮ್ಯಾಪು ಇನ್ನೊಂದು ರೀತಿಯಲ್ಲಿಯೂ ದಾರಿ ತಪ್ಪಿಸುತ್ತದೆ. ಟಿಕೆಟ್ ಕೊಂಡೂ ಸೀಟು ಆರಿಸಿಕೊಳ್ಳದವರು ಅದರಲ್ಲಿ ಕಾಣುವುದಿಲ್ಲ. ಸಂಸ್ಥೆಯೇ ತಡೆಹಿಡಿದ ಸೀಟುಗಳು ಭರ್ತಿಯಾದಂತೆ ಕಾಣುತ್ತವೆ. ಆದ್ದರಿಂದ ಆ ಚಿತ್ರವನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ನಿಜವಾದ ಲೆಕ್ಕ ತಿಳಿಯಲು ಹಣ ಖರ್ಚಿಲ್ಲದ ಒಂದು ದಾರಿಯಿದೆ, ಇದನ್ನು ನೀವು ಮನೆಯಲ್ಲೇ ಕುಳಿತು ಮಾಡಬಹುದು. ವಿಮಾನ ಸಂಸ್ಥೆಯ ಸ್ವಂತ ಜಾಲತಾಣಕ್ಕೆ ಹೋಗಿ, ನಾಡಿದ್ದು ಹೊರಡುವ ವಿಮಾನಕ್ಕೆ ಬಿಸಿನೆಸ್ ಕ್ಲಾಸ್‌ನಲ್ಲಿ ಒಂಬತ್ತು ಪ್ರಯಾಣಿಕರು ಎಂದು ಹಾಕಿ ಹುಡುಕಿ. ಬಹುತೇಕ ಜಾಲತಾಣಗಳು ಒಮ್ಮೆಗೆ ಒಂಬತ್ತು ಮಂದಿಯವರೆಗೆ ಕೇಳಲು ಬಿಡುತ್ತವೆ. ಆ ವಿಮಾನ ಫಲಿತಾಂಶದಲ್ಲಿ ಬಂದರೆ ಕನಿಷ್ಠ ಒಂಬತ್ತು ಸೀಟು ಇನ್ನೂ ಮಾರಾಟಕ್ಕಿವೆ ಎಂದರ್ಥ. ಬರದಿದ್ದರೆ ಆರಕ್ಕೆ ಇಳಿಸಿ, ನಂತರ ನಾಲ್ಕಕ್ಕೆ, ನಂತರ ಎರಡಕ್ಕೆ. ಎಲ್ಲಿ ಆ ವಿಮಾನ ಮತ್ತೆ ಕಾಣಿಸಿಕೊಳ್ಳುತ್ತದೋ ಕನಿಷ್ಠ ಅಷ್ಟು ಸೀಟು ಉಳಿದಿದೆ. ಹುಡುಕಿದ ಮಾತ್ರಕ್ಕೆ ಯಾವ ಶುಲ್ಕವೂ ಇಲ್ಲ. ಹೆಸರು, ಕಾರ್ಡ್ ಸಂಖ್ಯೆ ಕೇಳುವ ಹಂತಕ್ಕೆ ಹೋಗುವ ಅಗತ್ಯವೇ ಬರುವುದಿಲ್ಲ.

ಇದನ್ನು ಒಂದು ದಿನ ಮಾಡಿದರೆ ಪ್ರಯೋಜನ ಕಡಿಮೆ, ಮೂರು ನಾಲ್ಕು ವಾರ ಮಾಡಿದರೆ ಬಹಳ. ನೀವು ಯೋಚಿಸುತ್ತಿರುವ ವಿಮಾನದ ಸಂಖ್ಯೆಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಸೋಮವಾರ, ಬುಧವಾರ, ಶನಿವಾರ ಹೊರಡುವ ವಿಮಾನಗಳಿಗೆ ಎರಡು ದಿನ ಮುಂಚೆ ಉಳಿದ ಸೀಟೆಷ್ಟು ಎಂದು ಹಾಜರಿ ಪುಸ್ತಕದಂತೆ ಗುರುತು ಹಾಕಿ. ಯಾವ ವಾರದ ದಿನ ಮುಂದಿನ ಕ್ಯಾಬಿನ್ ಖಾಲಿಯಾಗಿ ಹೊರಡುತ್ತದೆ, ಯಾವ ದಿನ ತುಂಬಿರುತ್ತದೆ ಎಂಬುದು ನಿಮಗೇ ಕಾಣುತ್ತದೆ. ನನ್ನ ಅನುಭವದಲ್ಲಿ ಶನಿವಾರ ರಾತ್ರಿ ಮತ್ತು ಭಾನುವಾರ ಕಚೇರಿ ಕೆಲಸದವರಿಂದ ತುಂಬುತ್ತದೆ, ಮಂಗಳವಾರ ಬುಧವಾರ ಸಡಿಲವಾಗಿರುತ್ತದೆ. ಆದರೆ ನನ್ನ ಮಾತಿಗಿಂತ ನಿಮ್ಮ ಪುಸ್ತಕದ ಗುರುತುಗಳೇ ಹೆಚ್ಚು ವಿಶ್ವಾಸಾರ್ಹ, ಏಕೆಂದರೆ ಅವು ನೀವು ಹೋಗುವ ವಿಮಾನದವೇ. ರಜಾ ಕಾಲ ಹತ್ತಿರವಾದಂತೆ ಲೆಕ್ಕ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಮಕ್ಕಳ ಮನೆಗೆ ಹೋಗುವ ತಂದೆ ತಾಯಂದಿರೆಲ್ಲ ಏಪ್ರಿಲ್‌ನಿಂದ ಜೂನ್‌ವರೆಗೆ ಒಟ್ಟಿಗೆ ಹೊರಡುತ್ತಾರೆ.

ಟ್ರಾವೆಲ್ ಏಜೆಂಟ್ ಮೂಲಕ ಕೊಳ್ಳುವುದಾದರೆ, 'ನಮ್ಮ ವಿಮಾನದ ಅವೈಲಬಿಲಿಟಿ ತೆರೆದು ತೋರಿಸಿ' ಎಂದು ಕೇಳಿ. ಅವರ ಪರದೆಯ ಮೇಲೆ ಒಂದೇ ಸಾಲಿನಲ್ಲಿ 'ಜೆ9 ಸಿ9 ಡಿ6 ಝೆಡ್2 ಪಿ0' ಎಂಬಂತೆ ಅಕ್ಷರವೂ ಅಂಕಿಯೂ ಕಾಣುತ್ತವೆ. ಒಂಬತ್ತು ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು. ಸಾಲಿನ ಕೊನೆಯ ಕಡೆಯ ಅಗ್ಗದ ಅಕ್ಷರಗಳಲ್ಲಿಯೂ ಅಂಕಿಗಳಿದ್ದರೆ ಸಂಸ್ಥೆಗೆ ಆ ದಿನ ಸೀಟು ಖರ್ಚಾಗುವ ಭರವಸೆಯಿಲ್ಲ ಎಂದು ತಿಳಿಯಬಹುದು. ಅಂಥ ದಿನ ನಿಮಗೆ ಅವಕಾಶ ಹೆಚ್ಚು. ಮೊದಲ ಒಂದೆರಡು ಅಕ್ಷರಗಳಲ್ಲಿ ಮಾತ್ರ ಮೂರೋ ನಾಲ್ಕೋ ಉಳಿದು ಮಿಕ್ಕವೆಲ್ಲ ಸೊನ್ನೆಯಾಗಿದ್ದರೆ ಆ ದಿನವನ್ನು ಬಿಟ್ಟುಬಿಡಿ. ಎಕ್ಸ್‌ಪರ್ಟ್‌ಫ್ಲೈಯರ್ ಎಂಬ ಚಂದಾ ಸೇವೆ ಇದೇ ಮಾಹಿತಿಯನ್ನು ಸಾಮಾನ್ಯ ಪ್ರಯಾಣಿಕರಿಗೂ ತೋರಿಸುತ್ತದೆ. ಅಪರೂಪಕ್ಕೆ ಹಾರುವ ನಿಮಗೆ ಅದಕ್ಕೆ ಹಣ ಕಟ್ಟುವ ಅಗತ್ಯವಿಲ್ಲ, ನೋಟ್ ಪುಸ್ತಕ ಸಾಕು.

ಇನ್ನು ಟಿಕೆಟಿನ ವಿಷಯ. ಎಲ್ಲ ಎಕಾನಮಿ ಟಿಕೆಟ್‌ಗಳೂ ಅಪ್‌ಗ್ರೇಡ್‌ಗೆ ಅರ್ಹವಲ್ಲ. 'ಲೈಟ್' ಮುಂತಾದ ಹೆಸರಿನ ತೀರ ಅಗ್ಗದ ದರಗಳಿಗೆ ಮೈಲ್ಸ್ (ಹಾರಾಟಕ್ಕೂ ಕಾರ್ಡ್ ಖರ್ಚಿಗೂ ಸಿಗುವ ಅಂಕಗಳು) ಕೊಟ್ಟು ಅಪ್‌ಗ್ರೇಡ್ ಮಾಡುವ ಅವಕಾಶವನ್ನು ಹಲವು ಸಂಸ್ಥೆಗಳು ಕೊಡುವುದಿಲ್ಲ. ಗುಂಪು ದರದ ಟಿಕೆಟ್‌ಗಳಿಗಂತೂ ಸಾಮಾನ್ಯವಾಗಿ ಯಾವ ದಾರಿಯೂ ಇರುವುದಿಲ್ಲ. ಇ-ಟಿಕೆಟಿನ ಮುದ್ರಿತ ಪ್ರತಿಯಲ್ಲಿ 'ಫೇರ್ ಬೇಸಿಸ್' ಎಂಬ ಕಡೆ ಅಕ್ಷರಗಳ ಒಂದು ಸರಣಿ ಇರುತ್ತದೆ. ಸಾಮಾನ್ಯವಾಗಿ ಅದರ ಮೊದಲ ಅಕ್ಷರವೇ ನಿಮ್ಮ ದರದ ವರ್ಗ. ಹಣ ಕಟ್ಟುವ ಮುನ್ನವೇ ಆ ಅಕ್ಷರ ಯಾವುದೆಂದು ಏಜೆಂಟರನ್ನು ಕೇಳಿ, 'ಇದಕ್ಕೆ ಬಿಡ್ (ಮೇಲಿನ ವರ್ಗಕ್ಕೆ ಇಷ್ಟು ಕೊಡುತ್ತೇನೆಂದು ಹರಾಜಿನಂತೆ ಮೊತ್ತ ಸೂಚಿಸುವುದು) ಮಾಡಬಹುದೇ, ಮೈಲ್ಸ್ ಬಳಸಬಹುದೇ, ಹಣ ಕೊಟ್ಟು ಏರಿಸಬಹುದೇ' ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಒಂದಕ್ಕೆ ಅರ್ಹವಾದ ಟಿಕೆಟು ಇನ್ನೊಂದಕ್ಕೆ ಅರ್ಹವಾಗಿರಬೇಕಿಲ್ಲ.

ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು ಆಗಿರುವ ಕೋಡ್‌ಶೇರ್ ಪ್ರಯಾಣದಲ್ಲಿಯೂ ತೊಡಕು. ಲುಫ್ತಾನ್ಸಾ ಸಂಖ್ಯೆಯ ಟಿಕೆಟ್ ಇಟ್ಟುಕೊಂಡು ಫ್ರಾಂಕ್‌ಫರ್ಟ್‌ನಿಂದ ಯುನೈಟೆಡ್ ವಿಮಾನ ಹತ್ತುವ ಪ್ರಸಂಗ ಬರಬಹುದು. ಅಲ್ಲಿ ಲುಫ್ತಾನ್ಸಾದ ಬಿಡ್ ನಡೆಯುವುದಿಲ್ಲ. 'ಆಪರೇಟೆಡ್ ಬೈ' ಎಂಬ ಸಣ್ಣಕ್ಷರದ ಸಾಲನ್ನು ಎರಡೂ ವಿಮಾನಗಳಿಗೆ ಓದಿ.

ಅಪ್‌ಗ್ರೇಡನ್ನು ಇಡೀ ಪ್ರಯಾಣಕ್ಕೆ ಕೇಳಬೇಕಿಲ್ಲ ಎಂಬುದನ್ನು ಬಹಳ ಮಂದಿ ಯೋಚಿಸುವುದಿಲ್ಲ. ದುಬೈ ಮೂಲಕ ಹೋದರೆ ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆ. ಸಿಂಗಪುರದ ದಾರಿಯೂ ಹೆಚ್ಚು ಕಡಿಮೆ ಹೀಗೆಯೇ. ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕವಾದರೆ ಹತ್ತು ಹನ್ನೊಂದು ಗಂಟೆಯ ಎರಡು ಹಾರಾಟಗಳು, ನಡುವೆ ಎದ್ದು ಓಡಾಡಲು ಬಿಡುವು. ದುಬೈ ದಾರಿಯಲ್ಲಿ ಮೊದಲ ನಾಲ್ಕು ಗಂಟೆಯನ್ನು ಎಕಾನಮಿಯಲ್ಲೇ ಕಳೆದು, ಹದಿನಾರು ಗಂಟೆಯ ಭಾಗಕ್ಕೆ ಮಾತ್ರ ಹಣ ಸುರಿದರೆ ಸಾಕು. ಆದರೆ ಆ ಒಂದು ಭಾಗದಲ್ಲಿ ಸೀಟು ಸಿಗದೇ ಹೋದರೆ ಶ್ರೀಮತಿಯವರು ಹದಿನಾರು ಗಂಟೆ ಒಂದೇ ಸಮನೆ ಎಕಾನಮಿಯಲ್ಲಿ ಕೂರಬೇಕಾಗುತ್ತದೆ. ಮೊಣಕಾಲಿನ ವಿಷಯದಲ್ಲಿ ಅಂಥ ಪಣ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ನಿಮಗೆ ಯೂರೋಪಿನ ದಾರಿಯನ್ನೇ ಹೇಳುತ್ತೇನೆ.

ಬಿಡ್ ಎಂಬುದು ಈಗ ಸಾಮಾನ್ಯರಿಗೆ ತೆರೆದಿರುವ ಮುಖ್ಯ ಬಾಗಿಲು. ಟಿಕೆಟ್ ಕೊಂಡ ಮೇಲೆ ಸಂಸ್ಥೆಯಿಂದ ಇಮೇಲ್ ಬರುತ್ತದೆ, ಇಲ್ಲವೇ ಜಾಲತಾಣದಲ್ಲಿ ಪಿಎನ್‌ಆರ್ ಹಾಕಿ ಅರ್ಹತೆ ನೋಡಬಹುದು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಬಹಿರಂಗ ಹರಾಜು ನಡೆಯುತ್ತಿದ್ದಾಗ ನೂಲು ತೆಗೆಯುವ ರೀಲರುಗಳು ಲಾಟಿನ ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಬೇರೆಯವರು ಎಲ್ಲಿಯವರೆಗೆ ಏರಿದ್ದಾರೆಂದು ತಿಳಿದು ತಮ್ಮ ದರ ಹೇಳುತ್ತಿದ್ದರು. ಇಲ್ಲಿ ಹಾಗಿಲ್ಲ. ಇತರರ ಬಿಡ್ ನಿಮಗೆ ಕಾಣುವುದಿಲ್ಲ, ಎಷ್ಟು ಸೀಟಿವೆ ಎಂದೂ ಹೇಳುವುದಿಲ್ಲ. ನಿಮ್ಮ ನೋಟ್ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲಿಯೇ. ಹೊರಡುವ ನಾಲ್ಕು ದಿನ ಮುಂಚೆ ಒಂಬತ್ತು ಸೀಟಿಗೆ ಕೇಳಿದರೂ ವಿಮಾನ ಸಿಗುತ್ತಿದ್ದರೆ ಕನಿಷ್ಠ ಮೊತ್ತಕ್ಕಿಂತ ಸ್ವಲ್ಪ ಮೇಲಿಟ್ಟು ಸುಮ್ಮನಿರಿ. ನಾಲ್ಕೇ ಉಳಿದಿದ್ದರೆ ಮೊತ್ತ ಏರಿಸಬೇಕೋ ಬಿಡಬೇಕೋ ನಿರ್ಧರಿಸಿ. ಗಡುವಿನವರೆಗೆ ಬಿಡ್ ಬದಲಾಯಿಸಲು, ಹಿಂದಕ್ಕೆ ಪಡೆಯಲು ಅವಕಾಶವಿರುತ್ತದೆ. ಒಪ್ಪಿಗೆಯಾದರೆ ಮಾತ್ರ ಕಾರ್ಡಿನಿಂದ ಹಣ ಹೋಗುತ್ತದೆ, ಆದರೆ ಹಾಗೆ ಹೋದ ಹಣ ನೀವು ಮನಸ್ಸು ಬದಲಾಯಿಸಿದರೆ ಹಿಂದಕ್ಕೆ ಬರುವುದಿಲ್ಲ.

ಬಿಡ್ ಮೊತ್ತವನ್ನು ಹೇಳುವುದು ಒಬ್ಬರಿಗೆ, ಒಂದು ಹಾರಾಟಕ್ಕೆ. 50,000 ರೂಪಾಯಿ ಎಂದು ಒತ್ತಿದರೆ ನಿಮ್ಮಿಬ್ಬರಿಗೆ ಒಂದು ಲಕ್ಷ. ಎರಡೂ ಹಾರಾಟಗಳಿಗೆ ಒತ್ತಿದ್ದರೆ ಎರಡು ಲಕ್ಷ. ಇದನ್ನು ಒಟ್ಟು ಮೊತ್ತವೆಂದು ತಿಳಿದು ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ. ಒಂದೇ ಪಿಎನ್‌ಆರ್‌ನಲ್ಲಿ ಇರುವ ಎಲ್ಲರಿಗೂ ಸೇರಿ ಬಿಡ್ ಹೋಗುತ್ತದೆ, ಸಿಕ್ಕರೆ ಇಬ್ಬರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಶ್ರೀಮತಿಯವರಿಗೆ ಮಾತ್ರ ಮಾಡಿಸಬೇಕೆಂದಿದ್ದರೆ ಇಬ್ಬರಿಗೂ ಬೇರೆ ಬೇರೆ ಪಿಎನ್‌ಆರ್ ಬೇಕು. ಹಾಗೆ ಮಾಡಿದರೆ ವಿಮಾನ ರದ್ದಾದಾಗ ಇಬ್ಬರನ್ನೂ ಒಂದೇ ವಿಮಾನಕ್ಕೆ ಸೇರಿಸುವ ಹೊಣೆ ಸಂಸ್ಥೆಯ ಕಂಪ್ಯೂಟರಿಗೆ ಇರುವುದಿಲ್ಲ. ಮೊದಲ ಬಾರಿ ವಿದೇಶಕ್ಕೆ ಹೋಗುವ ಹಿರಿಯ ದಂಪತಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಮೈಲ್ಸ್ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಖಾತೆಯಲ್ಲಿ ಅವು ಇರಲಾರವು. ಮಗಳ ಖಾತೆಯಲ್ಲಿ ಇದ್ದರೆ ಹೆತ್ತವರಿಗೆ ಬಳಸಲು ಹೆಚ್ಚಿನ ಕಡೆ ಸಾಧ್ಯ, ಆದರೆ ಕೆಲವೆಡೆ ಮೊದಲೇ ಹೆಸರು ನೋಂದಾಯಿಸಬೇಕು. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಎಂಬ ಮೈಲ್ಸ್ ಯೋಜನೆಯಲ್ಲಿ ಹೀಗೆ ಹೆಸರು ನೋಂದಾಯಿಸಿದ ಐದು ನಾಮಿನಿಗಳಿಗೆ ಅವಕಾಶ. ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ಮೈಲ್ಸ್ ಆಗಿ ಒಮ್ಮೆ ವರ್ಗಾಯಿಸಿದರೆ ಅವು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ಸಂಸ್ಥೆಗೆ ಫೋನ್ ಮಾಡಿಸಿ, ಆ ದಿನದ ಆ ವಿಮಾನದಲ್ಲಿ ಅಪ್‌ಗ್ರೇಡ್ ಪಾಲಿನಲ್ಲಿ ಎರಡು ಸೀಟಿದೆ ಎಂದು ಖಚಿತವಾದ ನಂತರವೇ ವರ್ಗಾಯಿಸಲು ಹೇಳಿ. ಮೈಲ್ಸ್‌ಗೆ ಸಿಗುವ ಸೀಟುಗಳು ಮಾರಾಟ ಆರಂಭವಾಗುವ ಹೊತ್ತಿಗೆ, ಅಂದರೆ ಸುಮಾರು 330 ದಿನ ಮುಂಚೆ, ಒಮ್ಮೆ ತೆರೆಯುತ್ತವೆ. ಉಳಿದರೆ ಕೊನೆಯ ಎರಡು ವಾರಗಳಲ್ಲಿ ಮತ್ತೊಮ್ಮೆ. ನಡುವಿನ ತಿಂಗಳುಗಳಲ್ಲಿ ದಿನವೂ ಹುಡುಕಿ ಬೇಸರಪಡಬೇಡಿ.

ಬಂಧುಗಳು ಹೇಳಿದ ಕೌಂಟರಿನ ಮಾತಿಗೆ ಬರೋಣ. ಅದರಲ್ಲಿ ಸ್ವಲ್ಪ ಸತ್ಯವಿದೆ. ಎಕಾನಮಿ ಟಿಕೆಟ್‌ಗಳನ್ನು ಸೀಟಿಗಿಂತ ಹೆಚ್ಚು ಮಾರಿದ್ದು ಎಲ್ಲರೂ ಬಂದುಬಿಟ್ಟರೆ, ಕೆಲವರನ್ನು ಉಚಿತವಾಗಿ ಮುಂದಕ್ಕೆ ಕಳುಹಿಸುತ್ತಾರೆ. ಆದರೆ ಆ ಪಟ್ಟಿ ತಯಾರಾಗುವುದು ಸಂಸ್ಥೆಯ ಗೋಲ್ಡ್, ಪ್ಲಾಟಿನಂ ಸದಸ್ಯತ್ವ, ಹೆಚ್ಚು ದರದ ಟಿಕೆಟ್ ಇವುಗಳ ಮೇಲೆ. ಒಳ್ಳೆಯ ಬಟ್ಟೆ, ವಯಸ್ಸು, ಕಾಲುನೋವು ಇವು ಆ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೌಂಟರಿನಲ್ಲಿ ಹಣ ಕೊಟ್ಟು ಏರುವ ಅವಕಾಶ ಮಾತ್ರ ಹಲವು ಸಂಸ್ಥೆಗಳಲ್ಲಿ ಉಂಟು. ಬಿಡ್ ಸಿಗದಿದ್ದರೆ, ಚೆಕ್‌ಇನ್ ತೆರೆದ ಕೂಡಲೇ ಸಾಲಿನ ಮುಂದಿದ್ದು 'ಇವತ್ತು ಬಿಸಿನೆಸ್‌ಗೆ ಅಪ್‌ಗ್ರೇಡ್ ದರ ಎಷ್ಟು' ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಅವರು ದಿನವೂ ಕೇಳಿಸಿಕೊಳ್ಳುವ ಮಾತೇ ಅದು. ಯೂರೋಪಿನ ಹಲವು ವಿಮಾನಗಳು ನಡುರಾತ್ರಿಯ ನಂತರ ಹೊರಡುವುದರಿಂದ ಚಿಂತಾಮಣಿಯಿಂದ ರಾತ್ರಿ ಊಟ ಮುಗಿಸಿ ಹೊರಟರೂ ಎರಡನೇ ಟರ್ಮಿನಲ್‌ಗೆ ಸಮಯಕ್ಕೆ ತಲುಪುತ್ತೀರಿ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಉಳಿದ ವರ್ಗಗಳ ಟಿಕೆಟಿಗೆ ಜಿಎಸ್‌ಟಿ ಶೇ. 12ರಿಂದ ಶೇ. 18ಕ್ಕೆ ಏರಿದೆ, ಎಕಾನಮಿಗೆ ಶೇ. 5 ಹಾಗೆಯೇ ಇದೆ. ಪರದೆಯ ಮೇಲಿನ ಮೊತ್ತ ತೆರಿಗೆ ಸೇರಿಸಿದ್ದೋ ಅಲ್ಲವೋ ನೋಡಿಕೊಂಡು ಮುಂದುವರಿಯಿರಿ. ನೀವು ಹಣ ಕೊಟ್ಟು ಕೊಂಡ ಮೇಲಿನ ವರ್ಗದ ಟಿಕೆಟನ್ನು ಸಂಸ್ಥೆಯೇ ಕೆಳಗಿಳಿಸಿದರೆ, 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ, 3,500 ಕಿಲೋಮೀಟರಿಗಿಂತ ದೂರದ ಅಂತರರಾಷ್ಟ್ರೀಯ ಹಾರಾಟಕ್ಕೆ ತೆರಿಗೆ ಸೇರಿದ ಟಿಕೆಟ್ ದರದ ಶೇ. 75ರಷ್ಟನ್ನು ಹಿಂದಿರುಗಿಸಬೇಕು. 1,500ರಿಂದ 3,500 ಕಿಲೋಮೀಟರಿಗೆ ಅದು ಶೇ. 50.

ಊಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರನ್ನು ಯೂರೋಪಿನಿಂದ ಅಮೆರಿಕಕ್ಕೆ ಕರೆದೊಯ್ಯುವಾಗ ಗೇಟಿನಲ್ಲಿ ಹಣ ಕೊಟ್ಟು ಬಿಸಿನೆಸ್‌ಗೆ ಏರಿಸಿದೆ. ಹಾಸಿಗೆಯಂತೆ ಚಾಚುವ ಸೀಟು ನೋಡಿ ಅವರು ಮಗುವಿನಂತೆ ಸಂತೋಷಪಟ್ಟರು. ಊಟದ ಹೊತ್ತಿಗೆ ಗೊತ್ತಾಯಿತು, ಅವರಿಗಾಗಿ ಹೇಳಿದ್ದ ಸಸ್ಯಾಹಾರಿ ತಟ್ಟೆ ಹಿಂದಿನ ಎಕಾನಮಿಯ ಸೀಟಿನ ಲೆಕ್ಕದಲ್ಲೇ ಉಳಿದುಬಿಟ್ಟಿತ್ತು. ಮುಂದಿನ ಮೆನುವಿನಲ್ಲಿ ಅವರು ಮುಟ್ಟುವಂಥದ್ದು ಹಣ್ಣು ಮತ್ತು ಬ್ರೆಡ್ ಮಾತ್ರ. ಪರಿಚಾರಿಕೆ ಹಿಂದೆ ಹೋಗಿ ಹುಡುಕುವಷ್ಟರಲ್ಲಿ ಆ ತಟ್ಟೆ ಬೇರೆ ಯಾರಿಗೋ ಹೋಗಿತ್ತು. ಅಮ್ಮ ಏನೂ ಹೇಳಲಿಲ್ಲ, ಕೈಚೀಲದಲ್ಲಿದ್ದ ಕೋಡುಬಳೆ ತಿಂದು ಮಲಗಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೀವು ಬುಕಿಂಗ್‌ನಲ್ಲಿ 'ಏಷ್ಯನ್ ವೆಜಿಟೇರಿಯನ್' ಊಟ, ಅಂದರೆ 'ಎವಿಎಂಎಲ್' ಹಾಕಿಸಿದ್ದರೆ, ಅಪ್‌ಗ್ರೇಡ್ ಆದ ದಿನವೇ ಫೋನ್ ಮಾಡಿ ಹೊಸ ವರ್ಗದಲ್ಲಿ ಅದು ಇದೆಯೇ ಎಂದು ಕೇಳಿ. ಕೊನೆಯ ಗಳಿಗೆಯಲ್ಲಿ ಗೇಟಿನಲ್ಲಿ ಏರಿದರೆ, ಹತ್ತಿದ ಕೂಡಲೇ ಸಿಬ್ಬಂದಿಗೆ ಹಳೆಯ ಸೀಟಿನ ಸಂಖ್ಯೆ ಹೇಳಿ ತಟ್ಟೆಯನ್ನು ಮುಂದಕ್ಕೆ ತರಿಸಿ. ಹಾಗೆಯೇ, ಬಿಡ್ ಮೂಲಕ ಏರಿದರೆ ಲಗೇಜಿನ ಮಿತಿ ಕೆಲವು ಸಂಸ್ಥೆಗಳಲ್ಲಿ ಹಳೆಯ ಎಕಾನಮಿ ಟಿಕೆಟಿನದೇ ಆಗಿರುತ್ತದೆ. ಉಪ್ಪಿನಕಾಯಿ, ಹುರಿಹಿಟ್ಟು, ಚಟ್ನಿಪುಡಿಗಳ ಪೆಟ್ಟಿಗೆಯನ್ನು ತೂಕ ಮಾಡುವ ಮುನ್ನ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಸ್ಥಿತಿಗೆ ನಾನು ಮಾಡುವ ಏರ್ಪಾಟು ಇದು. ಅಗ್ಗದ ಎಕಾನಮಿ ಕೊಂಡು ಅದೃಷ್ಟ ಕಾಯುವ ಬದಲು, ಹಣ ಹೊಂದಿಸಲು ಸಾಧ್ಯವಾದರೆ ಯೂರೋಪಿನ ದಾರಿಯಲ್ಲಿ ಎರಡೂ ಹಾರಾಟಕ್ಕೆ, ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ವರ್ಗವಾದ ಪ್ರೀಮಿಯಂ ಎಕಾನಮಿಯನ್ನೇ ನೇರವಾಗಿ ಕೊಳ್ಳಿ. ಎಕಾನಮಿಯಲ್ಲಿ ಸಾಲಿನಿಂದ ಸಾಲಿಗೆ 31, 32 ಇಂಚು ಇದ್ದರೆ ಇಲ್ಲಿ ಸುಮಾರು 38 ಇಂಚು. ಆ ಆರು ಇಂಚಿನಲ್ಲಿ ಬದಲಿಸಿದ ಮೊಣಕಾಲು ಸ್ವಲ್ಪವಾದರೂ ಚಾಚುತ್ತದೆ. ಅಲ್ಲಿಂದ ಬಿಸಿನೆಸ್‌ಗೆ ಬಿಡ್ ಮಾಡುವ ಕನಿಷ್ಠ ಮೊತ್ತ ಎಕಾನಮಿಯಿಂದ ಮಾಡುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಯೂರೋಪಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಎರಡನೇ ಹಾರಾಟಕ್ಕೆ ಮಾತ್ರ ಬಿಡ್ ಹಾಕಿ, ಏಕೆಂದರೆ ಅಷ್ಟರಲ್ಲಿ ಕಾಲು ಈಗಾಗಲೇ ಹತ್ತು ಗಂಟೆ ದಣಿದಿರುತ್ತದೆ. ಬಿಡ್ ಸಿಗದಿದ್ದರೂ ಸಹಿಸಬಹುದಾದ ಸೀಟು ಕೈಯಲ್ಲೇ ಇರುತ್ತದೆ.

ಪ್ರೀಮಿಯಂ ಎಕಾನಮಿಯೂ ಕೈಗೆಟುಕದಿದ್ದರೆ, ಎಕಾನಮಿಯಲ್ಲಿ ಎಡಗಡೆಯ ಮೂರು ಸೀಟುಗಳ ಸಾಲಿನಲ್ಲಿ ಓಣಿಯ ಪಕ್ಕದ ಸೀಟನ್ನು ಹಣ ಕೊಟ್ಟಾದರೂ ಶ್ರೀಮತಿಯವರಿಗೆ ತೆಗೆದಿಡಿ; ಆಗ ಅವರ ಬಲಗಾಲಿಗೆ ಓಣಿಯ ಕಡೆ ಜಾಗ ಸಿಗುತ್ತದೆ, ತಿನಿಸಿನ ಗಾಡಿ ಬರುವಾಗ ಮಾತ್ರ ಒಳಕ್ಕೆಳೆದುಕೊಳ್ಳಬೇಕು. ತುರ್ತು ಬಾಗಿಲಿನ ಪಕ್ಕದ ಅಗಲವಾದ ಸೀಟನ್ನು ವೀಲ್‌ಚೇರ್ ಕೇಳಿದವರಿಗೆ ಕೊಡುವುದಿಲ್ಲ. ವೀಲ್‌ಚೇರನ್ನು ಯಾವ ವರ್ಗದ ಟಿಕೆಟ್ ಆಗಿದ್ದರೂ ಬುಕಿಂಗ್ ಸಮಯದಲ್ಲೇ ಕೇಳಿ, ಅದಕ್ಕೆ ಹಣವಿಲ್ಲ. ಮೆಟ್ಟಿಲು ಹತ್ತಿಳಿಯಬಲ್ಲವರಾದರೆ 'ಡಬ್ಲ್ಯೂಸಿಎಚ್‌ಆರ್', ಹತ್ತಿಳಿಯಲಾಗದಿದ್ದರೆ 'ಡಬ್ಲ್ಯೂಸಿಎಚ್‌ಎಸ್' ಎಂದು ಹಾಕಿಸಬೇಕು, ಮತ್ತು ಅಪ್‌ಗ್ರೇಡ್ ಆದರೆ ಹೊಸ ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಆ ಕೋರಿಕೆ ಮುಂದಿನ ಊರಿಗೂ ಹೋಗಿದೆಯೇ ಎಂದು ಕೌಂಟರಿನವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.